ಭಾನುವಾರ ಬೆಳಿಗ್ಗೆ ನಡೆಯುವ ಶನಿವಾರದ ಪಂದ್ಯ

ಮುಖದಲ್ಲಿ ಏನನ್ನೂ ತೋರಿಸದೆ ತಿಂಡಿ ತಿನ್ನುವುದು ಎಷ್ಟು ಕಷ್ಟವೆಂದು ನನಗೆ ಕಳೆದ ವರ್ಷ ಗೊತ್ತಾಯಿತು. ಅಪ್ಪ ಇಂಗ್ಲೆಂಡಿನ ಎರಡನೆಯ ದರ್ಜೆಯ ಫುಟ್‌ಬಾಲ್ ಲೀಗಿನ ಒಂದು ತಂಡದ ಭಕ್ತರು. ಅಲ್ಲಿಯ ಶನಿವಾರದ ಪಂದ್ಯಗಳು ಶುರುವಾಗುವುದು ಸಿಂಗಪುರದಲ್ಲಿ ಅವರು ಮಲಗುವ ಹೊತ್ತಿಗೆ. ಹಾಗಾಗಿ ರೆಕಾರ್ಡ್ ಮಾಡಿಟ್ಟು ಭಾನುವಾರ ಒಂಬತ್ತಕ್ಕೆ ನೋಡುತ್ತಾರೆ. ಅಲ್ಲಿಯವರೆಗೆ ಸೆಂಗ್‌ಕಾಂಗಿನ ನಮ್ಮ ಫ್ಲ್ಯಾಟಿನಲ್ಲಿ ಫಲಿತಾಂಶವನ್ನು ಯಾರೂ ಉಸುರುವಂತಿಲ್ಲ. ನಾನೋ ಡೈರಿ ಬರೆಯುವವಳು. ತಾರೀಖು, ಎದುರಾಳಿ, ಗೋಲು, ಎಲ್ಲಕ್ಕೂ ಒಂದೊಂದು ಕಲಂ. ಕಲಂ ಖಾಲಿಯಿದ್ದರೆ ನನಗೆ ತಿಂಡಿ ಇಳಿಯುವುದಿಲ್ಲ. ಎದ್ದ ಕೂಡಲೇ ಫಲಿತಾಂಶ ನೋಡಿ ಬರೆದು, ಆಮೇಲೆ ಏನೂ ಅರಿಯದವಳಂತೆ ಅಪ್ಪನೆದುರು ಕೂರುತ್ತೇನೆ.

ಮೈಸೂರಿನ ಅಪ್ಪನಿಗೂ ಆ ತಂಡದ ಊರಿಗೂ ಇರುವ ನಂಟು, ಮದುವೆಗೆ ಮೊದಲು ಆಫೀಸಿನ ಕೆಲಸಕ್ಕೆಂದು ಅಲ್ಲಿ ಕಳೆದ ಮೂರು ತಿಂಗಳು ಮಾತ್ರ. ಶನಿವಾರ ಮಾಡಲು ಬೇರೇನೂ ಇರಲಿಲ್ಲವಂತೆ. ಜನ ಹೋಗುತ್ತಿದ್ದ ಕಡೆ ತಾವೂ ಹೋದರಂತೆ. ತಂಡ ಸೋತಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ತಮ್ಮ ಫ್ಲಾಸ್ಕಿನ ಟೀಯಲ್ಲಿ ಅರ್ಧ ಕೊಟ್ಟರು. ಋಣಾನುಬಂಧಕ್ಕೆ ಇಷ್ಟು ಸಾಕು.

ಗುಟ್ಟು ಕಾಯುವುದು ಸುಲಭವಲ್ಲ. ಮೇಲಿನ ಮಹಡಿಯ ಅಂಕಲ್ ಒಮ್ಮೆ ಲಿಫ್ಟಿನಲ್ಲಿ, "ಐಯಾ, ಯುವರ್ ಟೀಮ್ ಲೂಸ್ ಅಗೇನ್ ಲಾ" ಅಂದುಬಿಟ್ಟರು. ಅಂದಿನಿಂದ ಅಪ್ಪ ಭಾನುವಾರದ ಹಾಲಿಗೆ ಹನ್ನೊಂದು ಮಹಡಿ ಮೆಟ್ಟಿಲಿಳಿದೇ ಹೋಗುತ್ತಾರೆ. ಮನೆಯೊಳಗಿನ ಶತ್ರು ಅಮ್ಮನ ಕರುಣೆ. ತಂಡ ಸೋತಿದೆಯೆಂದು ನನ್ನಿಂದ ತಿಳಿದರೆ ಸಾಕು, ಪಾಪ ಎನ್ನಿಸಿ ಕೇಸರಿಬಾತ್ ಮಾಡಿಬಿಡುತ್ತಾಳೆ.

"ಗೋಡಂಬಿ ಬೇರೆ ಹಾಕಿದೀಯಾ? ಎಷ್ಟು ಗೋಲಲ್ಲಿ ಸೋತ್ರು?" ಎಂದು ಅಪ್ಪ ತಟ್ಟೆ ನೋಡಿಯೇ ಕೇಳುತ್ತಿದ್ದರು.

ಡೈರಿಯ ಪ್ರಕಾರ ಮೊದಲ ಹನ್ನೆರಡು ಭಾನುವಾರಗಳಲ್ಲಿ ಒಂಬತ್ತು ಸಲ ಹೀಗಾಯಿತು. ಕೊನೆಗೆ ನಾನೇ ಇಡೀ ತಿಂಗಳ ತಿಂಡಿಯ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಈ ಎರಡನೆಯ ದರ್ಜೆಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ನಮ್ಮ ಮೂರು ಲೋಕಗಳ ನೆನಪಾಗುತ್ತದೆ. ಪುಣ್ಯ ಸವೆದ ಮೂವರು ಪ್ರತಿವರ್ಷ ಮೊದಲ ದರ್ಜೆಯೆಂಬ ಸ್ವರ್ಗದಿಂದ ಇಲ್ಲಿಗೆ ಬೀಳುತ್ತಾರೆ, ಮೂವರು ಇಲ್ಲಿಂದ ಏರುತ್ತಾರೆ, ಕೊನೆಯ ಮೂವರು ಪಾತಾಳಕ್ಕೆ ಇಳಿಯುತ್ತಾರೆ. ಇಪ್ಪತ್ತನಾಲ್ಕು ತಂಡಗಳು ತಲಾ ನಲವತ್ತಾರು ಪಂದ್ಯ ಆಡಿ ಏಗುವ ಇದು ಅಪ್ಪಟ ಮರ್ತ್ಯಲೋಕ. ಅಮ್ಮನಿಗೆ ಇದನ್ನು ವಿವರಿಸಿದಾಗ, "ಅಷ್ಟೊಂದು ಆಡೋ ಬದಲು ಒಂದು ಪರೀಕ್ಷೆ ಇಡಬಾರದಾ?" ಎಂದಳು.

ಕೊನೆಯ ಪಂದ್ಯದ ವೇಳೆಗೆ ನಮ್ಮವರು ಪಾತಾಳದ ಬಾಗಿಲಲ್ಲಿದ್ದರು. ಒಂದು ಡ್ರಾ ಸಿಕ್ಕರೆ ಉಳಿವು, ಸೋತರೆ ಮೂರನೆಯ ದರ್ಜೆ. ಆ ದರ್ಜೆಯ ಪಂದ್ಯಗಳು ನಮ್ಮ ಟೀವಿಯಲ್ಲಿ ಬರುವುದಿಲ್ಲ. ಅಪ್ಪನ ಭಾನುವಾರ ಬರಿದಾಗುತ್ತಿತ್ತು. ನಿಜ ಹೇಳಬೇಕೆಂದರೆ, ನನ್ನದೂ. ವಾರವಿಡೀ ಅವರು ಒನ್-ನಾರ್ತ್ ಕಡೆಯ ಆಫೀಸಿಗೆ, ನಾನು ರಾಫೆಲ್ಸ್ ಪ್ಲೇಸ್ ಕಡೆಯ ಆಫೀಸಿಗೆ. ಅಪ್ಪನ ಪಕ್ಕ ಬಟ್ಟೆ ಮಡಚುತ್ತ ಕೂರುವ ಆ ಎರಡು ಗಂಟೆಗಳಲ್ಲೇ ನಾವಿಬ್ಬರೂ ಒಂದೇ ಕಡೆ ನೋಡುವುದು.

ಆ ಪಂದ್ಯ ಮಾತ್ರ ನಮ್ಮ ಸಂಜೆಯ ಹೊತ್ತಿಗೇ ಇತ್ತು. ಆದರೆ ಅಂದು ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಪ್ಪ ತಮ್ಮ ಮೊಬೈಲನ್ನು ಅಮ್ಮನ ಬ್ಯಾಗಿಗೆ ಹಾಕಿ ಶ್ರದ್ಧೆಯಿಂದ ಕಥೆ ಕೇಳಿದರು. ನಾನು ಪ್ರಸಾದ ಕೈಯಲ್ಲಿ ಹಿಡಿದೇ ಫಲಿತಾಂಶ ನೋಡಿದೆ. ಒಂದು, ಎರಡು. ಸೋತಿದ್ದರು.

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ, "ಅಪ್ಪಂಗೆ ಹೇಳಿಬಿಡೇ, ಸುಮ್ನೆ ಎರಡು ಗಂಟೆ ಆಸೆ ಇಟ್ಕೊಂಡು ಕೂರೋದ್ಯಾಕೆ?" ಎಂದಳು. ಆಸೆಯ ಎರಡು ಗಂಟೆಗಳನ್ನು ಕಸಿಯುವ ಅಧಿಕಾರ ಡೈರಿ ಬರೆಯುವವರಿಗೆ ಇದೆಯೇ?

ಒಂಬತ್ತಕ್ಕೆ ಪಂದ್ಯ ಶುರುವಾಯಿತು. ಎಂಬತ್ತನೆಯ ನಿಮಿಷದಲ್ಲಿ ಒಂದು, ಒಂದು. "ಇಷ್ಟೇ ಸಾಕಪ್ಪ, ಇನ್ನೇನೂ ಬೇಡ" ಎಂದು ಅಪ್ಪ ಟೀವಿಯನ್ನು ಬೇಡಿಕೊಂಡರು. ವಿಚಿತ್ರವೆಂದರೆ ನಾನೂ ಬೇಡಿಕೊಳ್ಳುತ್ತಿದ್ದೆ. ಹಿಂದಿನ ದಿನವೇ ಮುಗಿದ ಪಂದ್ಯಕ್ಕೆ, ಕೈಯಾರೆ ಬರೆದಿಟ್ಟ ಸೋಲು ತಪ್ಪಲೆಂದು. ಹರಿಕಥೆಗೆ ಕೂತ ಅಜ್ಜಿಯರು, ಮುಂದೇನಾಗುತ್ತದೆಂದು ಪೂರ್ತಿ ಗೊತ್ತಿದ್ದೂ, ಈ ಸಲವಾದರೂ ಹಾಗಾಗದಿರಲಿ ಎಂದು ಕೈ ಮುಗಿಯುವುದು ಇದಕ್ಕೇ ಇರಬೇಕು.

ಎದುರಾಳಿಗಳಿಗೆ ಕಾರ್ನರ್ ಕಿಕ್ ಬಂತು. ಗೋಲಾಯಿತು.

ಅಪ್ಪ ಟೀವಿ ಆರಿಸಿದರು. "ನಿಂಗೆ ನಿನ್ನೇನೇ ಗೊತ್ತಿತ್ತಲ್ವಾ ಪುಟ್ಟಿ?" ಎಂದರು.

"ಹೂಂ."

"ಮತ್ತೆ ಆ ಕಾರ್ನರ್‌ಗೆ ಯಾಕೆ ನನ್ನ ಕೈ ಹಿಡ್ಕೊಂಡೆ?"

"ಮುಂದಿನ ವರ್ಷ ಟೀವಿಲಿ ಬರದಿದ್ರೆ ಏನಂತೆ? ನಿಮಿಷ ನಿಮಿಷದ ರಿಪೋರ್ಟ್ ನೆಟ್ಟಲ್ಲಿ ಸಿಗುತ್ತೆ. ನಾನು ಓದಿ ಹೇಳ್ತೀನಿ" ಎಂದೆ.

ಅಪ್ಪ ಯೋಚಿಸಿದರು. "ಸರಿ. ಆದ್ರೆ ನೀನೂ ಮುಂಚೆ ನೋಡ್ಬಾರ್ದು."

ಈಗ ಲ್ಯಾಪ್‌ಟಾಪ್ ತೆರೆದು, ಸ್ಕೋರು ಕಾಣದಂತೆ ಪರದೆಯ ಮೇಲ್ತುದಿಗೆ ಕಾಗದದ ಪಟ್ಟಿ ಅಂಟಿಸಿಕೊಡುವವಳು ಅಮ್ಮ. ನಾನು ಮೊದಲ ನಿಮಿಷದಿಂದ ಗಟ್ಟಿಯಾಗಿ ಓದುತ್ತೇನೆ. ಕೊನೆಯ ಹತ್ತು ನಿಮಿಷಗಳಲ್ಲಿ ನಮ್ಮವರು ಮುಂದಿದ್ದರೆ ಅಪ್ಪ, "ಬೇಗ ಬೇಗ ಓದು, ಟೈಮ್ ಮುಗೀಲಿ" ಎನ್ನುತ್ತಾರೆ. ಹಿಂದಿದ್ದರೆ, "ನಿಧಾನ ಪುಟ್ಟಿ, ಅವಸರ ಮಾಡ್ಬೇಡ" ಎನ್ನುತ್ತಾರೆ. ನಾನೂ ಹಾಗೆಯೇ ಓದುತ್ತೇನೆ.