ಸಣ್ಣವ್ವನ ಮನೆಯ ಗಿಣ್ಣ

ಇರಕಲ್ಲಗಡದ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಬಸಿರಾದ ಸುದ್ದಿಗಿಂತ ಸಣ್ಣವ್ವನ ಎಮ್ಮೆ ಗಬ್ಬಾದ ಸುದ್ದಿ ಬೇಗ ಹರಡುತ್ತದೆ. ಕೆಚ್ಚಲು ಬಿಗಿದಿದೆ ಎಂದು ಯಾರಾದರೊಬ್ಬರು ಕಂಡರೆ ಸಾಕು, ಮರುದಿನ ಬೆಳಗ್ಗೆ ಅವಳ ಕಟ್ಟೆಯ ಮೇಲೆ ತಂಬಿಗೆ, ಬೋಗುಣಿ, ಸ್ಟೀಲಿನ ಡಬ್ಬಿಗಳು ಬಂದು ಕೂಡುತ್ತವೆ. ಎಮ್ಮೆ ಪಾಪ ಇನ್ನೂ ಮೇಯುತ್ತಿರುತ್ತದೆ, ಇವರು ಆಗಲೇ ಪಾತ್ರೆ ಇಟ್ಟು ಪಾಳಿ ಹಚ್ಚಿರುತ್ತಾರೆ. ನಾಚಿಕೆ ಎಂಬುದಿಲ್ಲ. ನನ್ನ ಹೆಂಡತಿಯ ಡಬ್ಬಿಯೂ ಅಲ್ಲಿರುತ್ತದೆ, ಅದು ಬೇರೆ ಮಾತು.

ಸಣ್ಣವ್ವನ ಗಿಣ್ಣ ಅಂಥದ್ದು. ಎಮ್ಮೆ ಈದ ಮೊದಲ ಎರಡು ಮೂರು ದಿನದ ಗಟ್ಟಿ ಹಾಲಿನಲ್ಲಿ ಗಿಣ್ಣ ಯಾರು ಮಾಡುವುದಿಲ್ಲ? ಬೆಲ್ಲ ಹಾಕಿ ಕುಕ್ಕರಿನಲ್ಲಿಟ್ಟು ಸೀಟಿ ಹೊಡೆಸಿ, ರಬ್ಬರಿನಂಥದ್ದೊಂದನ್ನು ತಟ್ಟೆಗೆ ಹಾಕಿ ಗಿಣ್ಣ ಎಂದು ಕರೆಯುವವರು ಬೇಕಾದಷ್ಟಿದ್ದಾರೆ. ಸಣ್ಣವ್ವ ಬೆಲ್ಲ ಕರಗಿಸಿ ಸೋಸುತ್ತಾಳೆ, ಒಣಶುಂಠಿ ಯಾಲಕ್ಕಿ ಕುಟ್ಟಿ ಹಾಕುತ್ತಾಳೆ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಹಾಲಿನ ಪಾತ್ರೆ ಇಳಿಸಿ, ಸಗಣಿ ಕುಳ್ಳಿನ ಉರಿ ಸಣ್ಣಗೆ ಮಾಡಿ ಒಲೆಯ ಮುಂದೆಯೇ ಕೂಡುತ್ತಾಳೆ. ನಡುವೆ ಯಾರಾದರೂ ಮುಚ್ಚಳ ತೆಗೆದರೆ ಅವರ ಹಿರಿಯರನ್ನೂ ಸೇರಿಸಿ ಬೈಯುತ್ತಾಳೆ. ಆರಿದ ಮೇಲೆ ಕೊಯ್ದ ತುಂಡು ಕೈಯಲ್ಲಿ ಅಲುಗುತ್ತದೆ, ಒಡೆಯುವುದಿಲ್ಲ. ಒಂದು ತುಂಡು ಬಾಯಲ್ಲಿಟ್ಟವರ ಕಣ್ಣು ಆಗಲೇ ಪಾತ್ರೆಯಲ್ಲಿ ಉಳಿದದ್ದರ ಮೇಲಿರುತ್ತದೆ.

ನಾನು ಊರಿನ ಹಾಲಿನ ಡೇರಿ ನೋಡಿಕೊಳ್ಳುವವನು, ಹೆಸರು ಯಮನೂರ. ಸಣ್ಣವ್ವ ನಮ್ಮ ಪಕ್ಕದ ಮನೆಯವಳು. ಬಳಗವೇನಲ್ಲ, ಆದರೂ ಮಾತು ಬಂದಾಗಿನಿಂದ ನಾನು ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತೇನೆ. ಗಂಡ ಹನಮಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಶಾಂತಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದಾರೆ, ಮನಸ್ಸು ಬಂದಾಗ ಬಸ್ಸು ಹತ್ತಿ ಬಂದು ತಾಯಿಯ ಜೊತೆ ಜಗಳವಾಡಿ ಹೋಗುತ್ತಾಳೆ. ಜಗಳ ಯಾವಾಗಲೂ ಗಿಣ್ಣದ್ದೇ. ಏಕೆಂದರೆ ಸಣ್ಣವ್ವನಿಗೆ ಶುಗರ್ ಇದೆ. ಎಡಗಾಲಿನ ಕಿರುಬೆರಳನ್ನು ಕೊಪ್ಪಳದ ಆಸ್ಪತ್ರೆಯಲ್ಲಿ ತೆಗೆದುಹಾಕಿದ್ದಾರೆ. ಆದರೆ ಗಿಣ್ಣ ಮಾಡಿದ ದಿನ ಅವಳ ತಟ್ಟೆ ಎಲ್ಲರ ತಟ್ಟೆಗಿಂತ ದೊಡ್ಡದು.

“ಡಾಕ್ಟ್ರು ಸಕ್ಕರಿ ಬ್ಯಾಡ ಅಂದಾರ. ಇದರಾಗ ಬೆಲ್ಲ ಐತಿ, ಸಕ್ಕರಿ ಎಲ್ಲೈತಿ?” ಎಂದು ಮಗಳ ಮುಖಕ್ಕೇ ಹೇಳುತ್ತಿದ್ದಳು. ಶಾಂತಕ್ಕ ನನ್ನತ್ತ ನೋಡುತ್ತಿದ್ದಳು. ಬಾಯಿ ತುಂಬ ಗಿಣ್ಣ ಇಟ್ಟುಕೊಂಡವನು ಯಾರ ಪರ ಮಾತಾಡಬೇಕು?

ಈ ಸಂಭ್ರಮದ ಹಿಂದೆ ಇನ್ನೊಂದು ಸಂಗತಿ ಇತ್ತು, ಅದನ್ನು ಎಲ್ಲರೂ ಕಂಡಿದ್ದರು. ಸಣ್ಣವ್ವನ ಮನೆಯಲ್ಲಿ ಕರುಗಳು ಉಳಿಯುತ್ತಿರಲಿಲ್ಲ. ಹುಟ್ಟಿದವುಗಳಲ್ಲಿ ಅರ್ಧಕ್ಕರ್ಧ ತಿಂಗಳು ತುಂಬುವುದರೊಳಗೆ ಭೇದಿ ಹತ್ತಿ, ಕಣ್ಣು ಒಳಸೇರಿ, ಕಾಲು ಚಾಚಿ ಮಲಗಿಬಿಡುತ್ತಿದ್ದವು. ಕರು ಸತ್ತರೆ ಎಮ್ಮೆ ಹಾಲು ಬಿಡುವುದಿಲ್ಲವೆಂದು, ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಅದರ ಮುಂದೆ ನಿಲ್ಲಿಸುತ್ತಿದ್ದಳು. ಎಮ್ಮೆ ಆ ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಸಣ್ಣವ್ವ ಹಿಂಡುವಾಗ ಆ ಕಡೆ ಮುಖ ಮಾಡುತ್ತಿರಲಿಲ್ಲ. ಗಿಣ್ಣ ತಿಂದವರ ದೃಷ್ಟಿ ತಾಕಿತು ಎಂದು ಓಣಿಯವರು ಅನ್ನುತ್ತಿದ್ದರು. ಅವಳೂ ಹಾಗೇ ನಂಬಿ, ಹುಟ್ಟಿದ ಕರುವಿನ ಕೊರಳಿಗೆ ಕರಿದಾರ ಕಟ್ಟುತ್ತಿದ್ದಳು, ಕೊಟ್ಟಿಗೆಯ ಬಾಗಿಲಿಗೆ ಹಳೆಯ ಚಪ್ಪಲಿ ತೂಗುಹಾಕುತ್ತಿದ್ದಳು.

ಅವಳ ಅತ್ತೆ ಮುದುಕವ್ವ ಕಲಿಸಿಹೋದ ಕಟ್ಟಳೆಯೊಂದಿತ್ತು. ಎಮ್ಮೆ ಈದ ಮೇಲೆ ಮಾಸು, ಅಂದರೆ ಗರ್ಭದ ಕಸ, ಬೀಳುವತನಕ ಕರುವನ್ನು ಮೊಲೆಗೆ ಬಿಡಬಾರದು. ಅದು ಬೀಳಲು ಅರ್ಧ ದಿನವೇ ಆಗಲಿ, ಕರು ಗೂಟದಲ್ಲಿ ಕೂಗುತ್ತಿರಬೇಕು. ಬಿದ್ದ ಮೇಲೂ ಮೊದಲ ಹಾಲು ಪಾತ್ರೆಗೆ. ಗಟ್ಟಿ ಹಾಲು ಕುಡಿದರೆ ಕರುವಿಗೆ ಭೇದಿಯಾಗುತ್ತದೆ ಎಂಬುದು ಮುದುಕವ್ವನ ಮಾತು. ಮುದುಕವ್ವ ಓಣಿಗೆಲ್ಲ ಬಾಣಂತನ ಮಾಡಿದವಳು, ದನಕರುಗಳ ಹೆರಿಗೆಯನ್ನೂ ನೋಡಿದವಳು. ಅವಳ ಮಾತಿಗೆ ಎದುರು ಇರಲಿಲ್ಲ.

ಹೋದ ವರ್ಷ ಡೇರಿಯ ಅಂಗಳದಲ್ಲಿ ದನಗಳ ತಪಾಸಣೆ ಇಡಿಸಿದ್ದೆ. ಗಂಗಾವತಿ ಕಡೆಯ ಹುಡುಗಿ, ಸಹನಾ ಎಂದು ಹೆಸರು, ಹೊಸದಾಗಿ ಬಂದ ಪಶುವೈದ್ಯೆ. ಸಣ್ಣವ್ವ ತನ್ನ ಚಂದ್ರಿಯನ್ನು ಹೊಡೆದುಕೊಂಡು ಬಂದಿದ್ದಳು. ಹಣೆಯಲ್ಲಿ ಬಿಳಿ ಮಚ್ಚೆಯಿರುವ ಎಮ್ಮೆ, ತುಂಬು ಗಬ್ಬ. ಡಾಕ್ಟರಮ್ಮ ಕೈಯಾಡಿಸಿ ನೋಡಿ, ಹಿಂದಿನ ಕರು ಎಲ್ಲಿ ಎಂದು ಕೇಳಿದಳು.

“ಸತ್ತು ಹೋತ್ರಿ. ಅದರ ಹಿಂದಿಂದೂ ಹೋತು. ನಮ್ಮ ಮನಿ ಗಿಣ್ಣಕ್ಕ ಕಣ್ಣು ಭಾಳ,” ಎಂದಳು ಸಣ್ಣವ್ವ, ಸ್ವಲ್ಪ ಹೆಮ್ಮೆಯಿಂದಲೇ.

“ಕರಕ್ಕ ಮೊದಲನೇ ಹಾಲು ಯಾವಾಗ ಕುಡಿಸಿದ್ರಿ ಅಜ್ಜಿ?”

“ಮಾಸ ಬಿದ್ದ ಮ್ಯಾಲ, ಗಿಣ್ಣಕ್ಕ ಹಿಂಡಿಕೊಂಡು, ಆಮ್ಯಾಲ ಒಂದೀಟು.”

ಆ ಹುಡುಗಿಗೆ ಸಿಟ್ಟು ಬಂದಿತ್ತು, ಆದರೆ ಬೈಯಲಿಲ್ಲ. ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು: “ಅಜ್ಜಿ, ಹುಟ್ಟಿದ ಕರದ ಮೈಯಾಗ ರೋಗ ತಡೆಯೋ ಶಕ್ತಿ ಇರೂದಿಲ್ರಿ. ಅದು ಆ ಮೊದಲ ಹಾಲಿನಾಗ ಇರತೈತಿ. ಒಂದ್ ತಾಸು ಎರಡ್ ತಾಸಿನಾಗ ಹೊಟ್ಟಿಗಿ ಹೋಗಬೇಕು. ತಡಾ ಆದ್ರ ಆಮ್ಯಾಲ ಎಷ್ಟ್ ಕುಡಿಸಿದ್ರೂ ಉಪಯೋಗ ಇಲ್ಲ. ಮಾಸ ಬೀಳೂದನ್ನ ಕಾಯಬ್ಯಾಡ್ರಿ. ಅದು ಹೊಟ್ಟಿ ತುಂಬ ಕುಡಿದ ಮ್ಯಾಲ ಉಳಿದದ್ದು ನಿಮ್ದು.”

ಸಾಲಿನಲ್ಲಿ ನಿಂತವರು ನಕ್ಕರು. ಸಣ್ಣವ್ವನೂ ನಗುತ್ತಾಳೆ, ಈಗ ಏನಾದರೂ ಒಂದು ಮಾತು ಎಸೆಯುತ್ತಾಳೆ ಎಂದು ನಾನು ಕಾದೆ. ಅವಳು ನಗಲಿಲ್ಲ. ಎಮ್ಮೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಮೆಲ್ಲಗೆ ಕೇಳಿದಳು.

“ಮನುಷ್ಯಾರಿಗೂ ಹಂಗ ಏನ್ರಿ?”

“ಹೌದ್ರಿ. ಕೂಸಿಗೂ ಮೊದಲ ಹಾಲು ಕುಡಿಸಬೇಕ್ರಿ, ಒಂದ್ ಹನಿ ಚೆಲ್ಲಬಾರದು,” ಎಂದ ಸಹನಾ ಮುಂದಿನ ಎಮ್ಮೆಯ ಕಡೆ ಹೋದಳು. ಪಾಪ, ಅವಳಿಗೇನು ಗೊತ್ತು.

ಸಣ್ಣವ್ವ ಚಂದ್ರಿಯನ್ನು ಹೊಡೆದುಕೊಂಡು ಮನೆಗೆ ಹೋದಳು. ಸಂಜೆ ಡೇರಿಗೆ ಅವಳ ಹಾಲು ಬರಲಿಲ್ಲ. ಅವಳ ಮನೆಯಲ್ಲಿ ಆಗ ಇನ್ನೊಂದು ಹಿಂಡುವ ಎಮ್ಮೆಯಿತ್ತು, ಮಳೆಯಿರಲಿ ಜ್ವರವಿರಲಿ ಹಾಲು ತಪ್ಪಿಸಿದವಳಲ್ಲ. ನಾನು ಡೇರಿಯ ಬಾಗಿಲು ಹಾಕಿಕೊಂಡು ನೋಡಲು ಹೋದೆ.

ಹಿತ್ತಲಲ್ಲಿ ಕೂತಿದ್ದಳು, ನುಗ್ಗೆಗಿಡದ ಕೆಳಗೆ. ಆ ಜಾಗ ನಮಗೆಲ್ಲ ಗೊತ್ತು. ಅಲ್ಲಿ ಯಾರೂ ದನ ಕಟ್ಟುವಂತಿಲ್ಲ, ನೆಲ ಅಗೆಯುವಂತಿಲ್ಲ. ಚಿಕ್ಕವರಿದ್ದಾಗ ಅಲ್ಲಿ ಗೋಲಿ ಆಡಲು ಹೋಗಿ ನಾವೆಲ್ಲ ಅವಳ ಕೈಯಲ್ಲಿ ಹೊಡೆತ ತಿಂದಿದ್ದೇವೆ. ಶಾಂತಕ್ಕನಿಗಿಂತ ಮೊದಲು ಒಂದು ಗಂಡುಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತಂತೆ, ಅದನ್ನು ಅಲ್ಲಿ ಹೂಳಿದ್ದಾರೆ ಎಂದು ನಮ್ಮವ್ವ ಹೇಳಿದ್ದಳು. ಸಣ್ಣವ್ವನ ಬಾಯಿಂದ ಆ ವಿಷಯ ನಾನು ಒಮ್ಮೆಯೂ ಕೇಳಿರಲಿಲ್ಲ. ಅಂದು ಕೇಳಿದೆ.

“ನಮ್ಮತ್ತಿ ನನ್ನ ಹಾಲು ಒಲಿ ಬೂದಿ ಮ್ಯಾಲ ಹಿಂಡಿಸಿದ್ಲು ಯಮನೂರಾ,” ಎಂದಳು. “ಹಳದಿ ಐತಿ, ಕೀವು ಇದ್ದಂಗೈತಿ, ಕೂಸಿಗೆ ಕೆಡಕು ಅಂದ್ಲು. ಮೂರು ದಿನ ಹಿಂಡಿಸಿದ್ಲು. ಕೂಸಿಗೆ ಬೆಲ್ಲದ ನೀರಾಗ ಅರಿವಿ ಬತ್ತಿ ಅದ್ದಿ ಚೀಪಾಕ ಕೊಟ್ಲು. ಭೇದಿ ಹತ್ತಿತು ಅದಕ್ಕ. ಕಣ್ಣು ಒಳಗ ಹೋದ್ವು. ಕರ ಹೆಂಗ್ ಹೋಗ್ತಾವು, ಹಂಗ.”

ನಾನು ಅವಳ ಪಕ್ಕದಲ್ಲಿ ಕೂತೆ. ಆಗಿನ ಕಾಲದಲ್ಲಿ ಕೂಸು ಸಾಯಲು ನೂರು ಕಾರಣ ಇದ್ದವು, ಇದೇ ಎಂದು ಹೇಗೆ ಹೇಳುವುದು ಎಂದೆ.

“ನೂರು ಇರ್ಲಿ. ಉಳಿಸೂದು ಇದೊಂದು ನನ್ನ ಎದಿಯಾಗ ಇತ್ತು,” ಎಂದಳು. “ಶಾಂತಿ ಕೊಪ್ಪಳದ ದವಾಖಾನ್ಯಾಗ ಹುಟ್ಟಿದ್ಲು. ಅಲ್ಲಿ ನರ್ಸಮ್ಮ ನಮ್ಮತ್ತಿನ್ನ ಬೈದು ಹೊರಗ ಕಳಿಸಿ, ಅಕಿನ್ನ ತಂದು ನನ್ನ ಎದಿಗೆ ಹಚ್ಚಿದ್ಲು. ಎಂಥ ಸೊಕ್ಕಿನ ಹೆಂಗಸು ಇಕಿ ಅಂತ ನಾ ಅಕಿಗೆ ಬೈಕೊಂಡೆ. ಶಾಂತಿ ಉಳದ್ಲು. ದೇವ್ರು ಉಳಿಸಿದ ಅಂತ ತಿಳಕೊಂಡೆ.”

ಹೊತ್ತು ಮುಳುಗುತ್ತಿತ್ತು. ಕೊಟ್ಟಿಗೆಯಲ್ಲಿ ಹಿಂಡದ ಎಮ್ಮೆ ಒದರುತ್ತಿತ್ತು. ಏಳು, ಹಾಲು ಹಿಂಡು ಎಂದು ಹೇಳಬೇಕೆಂದಿದ್ದೆ, ಆದರೆ ಅವಳ ಮಾತು ಮುಗಿದಿರಲಿಲ್ಲ.

“ಆ ಮೊದಲಿನ ಕೂಸು ಹುಟ್ಟಿದ ವಾರದಾಗ ನಮ್ಮ ಎಮ್ಮಿನೂ ಈದಿತ್ತು. ನಮ್ಮತ್ತಿ ಗಿಣ್ಣ ಮಾಡಿದ್ಲು. ಬಾಣಂತಿಗೆ ಕೊಡಬ್ಯಾಡ್ರಿ ಅಂತ ಹೇಳಿದ್ಲು. ನಮ್ಮ ಮನಿಯವರು ನನಗ ಆಸಿ ಆಗಿರತೈತಿ ಅಂತ, ತಮ್ಮ ಪಾಲಿಂದು ಧೋತರದ ಚುಂಗಿನಾಗ ಮುಚ್ಚಿಕೊಂಡು ಬಂದು ಕೊಟ್ರು. ಕೂಸು ಬಾಜೂಕ ಬತ್ತಿ ಚೀಪಾಕತ್ತಿತ್ತು. ನಾ ಗೋಡಿ ಕಡೆ ಮಾರಿ ಮಾಡಿ ತಿಂದೆ. ಭಾಳ ರುಚಿ ಇತ್ತು. ಎಮ್ಮಿ ಹಾಲು ಅಮೃತ ಅಂತ ತಿಂದ್ವಿ, ನಂದು ಬೂದ್ಯಾಗ ಚೆಲ್ಲಿದ್ವಿ.”

ಅವಳು ಅಳಲಿಲ್ಲ. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮರುದಿನ ಬೆಳಗ್ಗೆ ಅವಳು ಕಟ್ಟೆಯ ಮೇಲಿದ್ದ ತಂಬಿಗೆ, ಡಬ್ಬಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಅವರವರ ಮನೆಗೆ ತಲುಪಿಸಿದಳು. ಈ ಸಲ ಗಿಣ್ಣ ಇಲ್ಲ ಎಂದಷ್ಟೇ ಹೇಳಿದಳು. ಓಣಿಯಲ್ಲಿ ಗುಸುಗುಸು ಎದ್ದಿತು. ಎದುರು ಮನೆಯ ಪಾರಮ್ಮ ಡೇರಿಗೇ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. “ಆ ಡಾಕ್ಟರಮ್ಮ ಬಂದು ಊರಿನ ಬಾಯಿಗೆ ಮಣ್ಣು ಹಾಕಿದ್ಲು ನೋಡು. ಕರ ಏನು ಇವತ್ತು ಹೊಸದಾಗಿ ಸಾಯಾಕತ್ತಾವೇನು?” ಎಂದಳು. ಹಳೆಯದಾಗಿ ಸತ್ತರೆ ನೋವಿಲ್ಲವೇನು ಎಂದು ಕೇಳಿದ್ದಕ್ಕೆ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಚಂದ್ರಿ ಒಂದು ಬೆಳಗಿನ ಹೊತ್ತು ಈದಿತು. ಸಣ್ಣವ್ವ ಗೋಡೆಯಾಚೆಯಿಂದ ಕೂಗಿದಳು, ನಾನು ಚಹಾದ ಕಪ್ಪು ಅಲ್ಲೇ ಇಟ್ಟು ಓಡಿದೆ. ಹೆಣ್ಣುಗರು. ಬಡಕಲು ಮೈ, ಎದ್ದು ನಿಲ್ಲಲು ಹೋಗಿ ಮುಗ್ಗರಿಸುತ್ತಿತ್ತು. ಮಾಸು ಇನ್ನೂ ಬಿದ್ದಿರಲಿಲ್ಲ. ಸಣ್ಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟು ವರ್ಷ ಮಾಡಬಾರದು ಎಂದುಕೊಂಡದ್ದನ್ನು ಈಗ ಮಾಡಬೇಕಾಗಿತ್ತು, ಮುದುಕವ್ವ ಎಲ್ಲೋ ಹಿಂದೆ ನಿಂತು ನೋಡುತ್ತಿದ್ದಾಳೇನೋ ಎಂಬಂತೆ ಒಮ್ಮೆ ಬಾಗಿಲ ಕಡೆ ತಿರುಗಿದಳು.

“ಹಿಡಿ, ಹಿಂದಿನಿಂದ ಎತ್ತಿ ಹಿಡಿ,” ಎಂದಳು.

ನಾನು ಕರುವನ್ನು ಎತ್ತಿ ಹಿಡಿದೆ. ಅವಳು ಮೊಲೆಯನ್ನು ಅದರ ಬಾಯಿಗೆ ಇಟ್ಟು, ಬೆರಳಿನಿಂದ ದವಡೆ ತೀಡಿದಳು. ಎರಡು ಸಲ ಬಿಟ್ಟಿತು. ಮೂರನೆಯ ಸಲ ಹಿಡಿಯಿತು. ಬಾಯಿಯ ಎರಡೂ ಕಡೆ ನೊರೆ ಬರುವ ಹಾಗೆ ಎಳೆಯತೊಡಗಿದಾಗ ಸಣ್ಣವ್ವ ಸಗಣಿಯ ನೆಲದ ಮೇಲೆಯೇ ಕೂತುಬಿಟ್ಟಳು. “ಕುಡಿ, ಕುಡಿ, ನಿಂದ ಅದು, ಕುಡಿ,” ಎನ್ನುತ್ತಲೇ ಇದ್ದಳು. ಮಾಸು ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಬಿತ್ತು.

ಕರು ಸಾಕೆಂದು ಮುಖ ತಿರುಗಿಸಿದ ಮೇಲೆ ಅವಳು ಒಂದು ಸಣ್ಣ ಬಟ್ಟಲಿಗೆ ನಾಲ್ಕು ಧಾರೆ ಹಿಂಡಿಕೊಂಡಳು. ಕಾಲು ಎಳೆಯುತ್ತ ಹಿತ್ತಲಿಗೆ ಹೋಗಿ, ನುಗ್ಗೆಗಿಡದ ಬುಡದಲ್ಲಿ ಅಂಗೈಯಿಂದ ಕಸ ಸರಿಸಿ, ಆ ಹಳದಿ ಹಾಲನ್ನು ಹನಿಹನಿಯಾಗಿ ನೆಲಕ್ಕೆ ಬಿಟ್ಟಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮಾತೂ ಅದಲ್ಲವೆಂದು ನಾನು ಒಳಗೆ ಬಂದೆ.

ಮೂರನೆಯ ದಿನಕ್ಕೆ ಕರು ಅಂಗಳದಲ್ಲಿ ಜಿಗಿಯುತ್ತಿತ್ತು. ಹೊಟ್ಟೆ ತುಂಬ ಕುಡಿದ ಮೇಲೂ ಚಂದ್ರಿಯ ಕೆಚ್ಚಲಲ್ಲಿ ಹಾಲು ಉಳಿದಿತ್ತು. ಸಣ್ಣವ್ವ ಅದನ್ನು ಹಿಂಡಿ, ಬೆಲ್ಲ ಸೋಸಿ, ಒಲೆಯ ಮುಂದೆ ಕೂತು ಗಿಣ್ಣ ಮಾಡಿದಳು. ಸ್ವಲ್ಪವೇ ಆಗಿತ್ತು. ಆದರೂ ಪಾರಮ್ಮನನ್ನೂ ಸೇರಿಸಿ ಎಲ್ಲ ಮನೆಗೂ ಒಂದೊಂದು ತುಂಡು ಹೋಯಿತು. ಶಾಂತಕ್ಕ ಯಲಬುರ್ಗಾದಿಂದ ಬಂದಿದ್ದಳು. ಆ ದಿನ ಅವಳು ಜಗಳ ತೆಗೆಯದೆ ತಾನೇ ತಾಯಿಯ ತಟ್ಟೆಗೆ ಹಾಕಿಕೊಟ್ಟಳು.

ಸಣ್ಣವ್ವ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಇನ್ನು ಇವಳು ತಿನ್ನಲಾರಳು ಎಂದು ನನಗೆ ಅನ್ನಿಸಿತು. ಆಮೇಲೆ ಒಂದು ತುಂಡು ಮುರಿದು ಬಾಯಿಗೆ ಇಟ್ಟಳು. ಕಣ್ಣು ಮುಚ್ಚಿದಳು. ಅಷ್ಟು ದಿನ ಬಾರದ ಕಣ್ಣೀರು ಆಗ ಬಂತು, ಕೆನ್ನೆಯ ಮೇಲಿಂದ ಇಳಿದು ತಟ್ಟೆಗೆ ಬಿತ್ತು.

“ರುಚಿ ಆವತ್ತಿನಂಗ ಐತಿ ಯಮನೂರಾ,” ಎಂದಳು. “ಒಂದೀಟೂ ಕಮ್ಮಿ ಆಗಿಲ್ಲ. ಕಹಿ ಆಗಿದ್ರ ಛಲೋ ಇತ್ತು.”

ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ತುಂಡು ಮುರಿದಳು. ಹೊರಗೆ ಕರು ತಾಯಿಯನ್ನು ಕೂಗುತ್ತಿತ್ತು, ನಾನು ಎದ್ದು ಹೋಗಿ ಅದರ ಹಗ್ಗ ಬಿಚ್ಚಿದೆ.