ಲೈವಿಗೊಂದು ತೂಬು, ರೆಕಾರ್ಡಿಗೊಂದು ತೂಬು

ನನ್ನ ಗಂಡನನ್ನು ನಾನು ಮೊದಲ ಸಲ ನೋಡಿದ್ದು, ಅವನು ನನ್ನಪ್ಪನ ಗದೆಯ ಏಟು ತಪ್ಪಿಸಿಕೊಂಡು ಓಡುತ್ತಿದ್ದಾಗ. ದೇವಲಾಪುರದಲ್ಲಿ ನಾಟಕ. ನನ್ನಪ್ಪ ಚೌಡಯ್ಯ ಹುರುಳಿ, ರಾಗಿ ಬೆಳೆಯುವ ರೈತ. ಆದರೆ ಪೌರಾಣಿಕ ನಾಟಕದಲ್ಲಿ ಗದೆ ಹಿಡಿಯುವ ಪಾತ್ರ ಕಟ್ಟಿದನೆಂದರೆ ನಾಗಮಂಗಲದ ಕಡೆಯೆಲ್ಲ ಜನ ಗಾಡಿ ಮಾಡಿಕೊಂಡು ಬರುತ್ತಿದ್ದರು. ಅವತ್ತು ಅಪ್ಪ ಪದ್ಯದ ಎತ್ತರದ ಸ್ವರ ಹಿಡಿದದ್ದಕ್ಕೂ ಮೈಕು ಕುಂಯ್ಯೋ ಎಂದು ಕಿರುಚಿದ್ದಕ್ಕೂ ಸರಿಹೋಯಿತು. ಕಿರೀಟ ಸಮೇತ ಸ್ಟೇಜಿನಿಂದ ಧುಮುಕಿದ. "ಯಾವನ್ಲಾ ಅವ್ನು ಮೈಕ್‌ನವ್ನು!" ಕೆ.ಆರ್. ಪೇಟೆ ಕಡೆಯ ಒಬ್ಬ ಒಣಕಲು ಹುಡುಗ ವೈರಿನ ಸುರುಳಿಯನ್ನು ಎದೆಗವಚಿಕೊಂಡು ಓಡಿದ. ಪ್ರಾಣ ಹೋಗುವ ಹಾಗೆ ಓಡುವಾಗಲೂ ವೈರು ಮಾತ್ರ ಕೈಬಿಡಲಿಲ್ಲ. ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ, ಏನು ಮಾಡಲಿ ಹೇಳಿ.

ಅವನೇ ನಾಗರಾಜು. ಎದುರಿಗೆ ನಾನು ಹೆಸರು ಹಿಡಿಯುವುದಿಲ್ಲ. ಬರೆಯುವಾಗ ಯಾರು ತಡೆಯುತ್ತಾರೆ, ಬರೆಯುತ್ತೇನೆ. ಮದುವೆಗೆ ಅಪ್ಪ ಒಪ್ಪಿದ್ದು ನನ್ನ ಹಟಕ್ಕೆ, ಮನಸ್ಸಿನಿಂದಲ್ಲ. ಒಪ್ಪಿದ ಮೇಲೂ ಅವನನ್ನು ಅಳಿಯ ಎಂದು ಕರೆದವನಲ್ಲ. ನಮ್ಮ ಪಾಂಡವಪುರದ ಮನೆಗೆ ಬಂದರೆ ಬಾಗಿಲಲ್ಲೇ, "ಎಲ್ಲೋದ್ನವ್ವ ಸುನಿತಾ, ನಿಮ್ಮ ಮೈಕ್‌ನವ್ನು?" ಎಂದೇ ಕೇಳುವುದು. ಮೊಮ್ಮಕ್ಕಳಾದರೂ ಮೈಕ್‌ನವನು ಮೈಕ್‌ನವನೇ ಆಗಿ ಉಳಿದ. ನನಗೆ ಉರಿಯುತ್ತಿತ್ತು. ಈ ಮನುಷ್ಯ ಮಾತ್ರ ನಗುತ್ತಲೇ ಮಾವನಿಗೆ ಚಾಪೆ ಹಾಸುತ್ತಿದ್ದ.

ಹಳೆಯ ಮೈಕ್ ಸೆಟ್ಟನ್ನು ಕೇಳುವವರು ಇಲ್ಲವಾದರು. ಕೊರೋನಾ ಕಾಲದಲ್ಲಿ ಮದುವೆಗೆ ಬೆರಳೆಣಿಕೆಯ ಜನ ಎಂದಾಗ, ಉಳಿದವರಿಗೆ ಫೋನಿನಲ್ಲಿ ಮದುವೆ ತೋರಿಸುವ ಕೆಲಸ ಹುಟ್ಟಿಕೊಂಡಿತು. ಹಿಂಡಿ ಚೀಲ ಹೊತ್ತ ಹಾಗೆ ಲೌಡ್‌ಸ್ಪೀಕರಿನ ಹಾರ್ನ್ ಹೊತ್ತು ತಿರುಗಿದ ಈ ಮನುಷ್ಯ ಒಂದು ಲ್ಯಾಪ್‌ಟಾಪು, ಒಂದು ಪುಟ್ಟ ಮಿಕ್ಸರು, ಕಾಲರಿಗೆ ಸಿಕ್ಕಿಸುವ ವೈರಿಲ್ಲದ ಮೈಕುಗಳನ್ನು ತಂದ. ಮೊದಲು ಮದುವೆಗಳನ್ನು ತೋರಿಸಿದ, ಆಮೇಲೆ ನಾಟಕಗಳನ್ನು. ನಮ್ಮ ಮಂಡ್ಯ ಸೀಮೆಯಲ್ಲಿ ನಾಟಕಕ್ಕೇನು ಬರವೇ? ಊರಿನ ರೈತರೇ ಪಾತ್ರ ಕಟ್ಟುತ್ತಾರೆ, ದೂರದಲ್ಲಿರುವ ನೆಂಟರಿಷ್ಟರೆಲ್ಲ ಲೈವ್ ನೋಡುತ್ತಾರೆ.

ಹೀಗಿರುವಾಗ ಶ್ರೀರಂಗಪಟ್ಟಣದ ಹತ್ತಿರ ಒಂದು ಅನಾಹುತ ನಡೆಯಿತು. ರಾಜನ ಪಾತ್ರದ ತಮ್ಮಯ್ಯ ತನ್ನ ದೃಶ್ಯ ಮುಗಿಸಿ ಪರದೆಯ ಹಿಂದೆ ಹೋದ. ಕಾಲರ್ ಮೈಕು ಇನ್ನೂ ಎದೆಯ ಮೇಲಿದೆ ಎಂಬ ಜ್ಞಾನ ಅವನಿಗಿಲ್ಲ. ಮನೆಗೆ ಫೋನು ಹಚ್ಚಿದ. "ಲೇ, ಎಮ್ಮೆ ಕರದ್ಯಾ? ಇವತ್ತು ಡೇರಿಗೆ ನೀರುಯ್ದು ಕಳಿಸ್ಬುಟ್ಟೀಯ, ಉಸಾರು. ಮೊನ್ನೆನೇ ಸಿಕ್ಕಾಕೊಳ್ತಿದ್ವಿ." ಸ್ಟೇಜಿನ ಮೇಲೆ ರಾಣಿ ಅಳುತ್ತಿದ್ದಾಳೆ, ಲೈವಿನಲ್ಲಿ ರಾಜ ಹಾಲಿಗೆ ನೀರಿನ ಲೆಕ್ಕ ಹೇಳುತ್ತಿದ್ದಾನೆ. ಡೇರಿಯ ಸೆಕ್ರೆಟರಿಯೂ ಆ ಲೈವ್ ನೋಡುತ್ತಿದ್ದನಂತೆ! ತಮ್ಮಯ್ಯ ನಮ್ಮನೆ ಬಾಗಿಲಿಗೆ ಬಂದು ಎಗರಾಡಿದ್ದು ಈಗಲೂ ನೆನಪಿದೆ. ನಾನೂ ಬಿಡಲಿಲ್ಲ. "ನೀರುಯ್ದೋನು ನೀನು, ಮೈಕ್ನ ಬೈಯ್ತೀಯಾ?" ಎಂದು ಸರಿಯಾಗಿ ಕೊಟ್ಟು ಕಳಿಸಿದೆ.

ನಾಗರಾಜು ಮಾತ್ರ ಮರುದಿನದಿಂದ ಲ್ಯಾಪ್‌ಟಾಪಿನ ಮುಂದೆ ಕೂತು ಅದರ ಹೊಟ್ಟೆ ಬಗೆದ. ಕೊನೆಗೊಂದು ದಿನ ಒಲೆಯ ಮುಂದಿದ್ದ ನನ್ನನ್ನು ಎಳೆದು ತಂದು ಪರದೆ ತೋರಿಸಿದ. ಪ್ರತಿ ಮೈಕಿನ ಹೆಸರಿನ ಮುಂದೆ ಪುಟ್ಟ ಚೌಕಗಳ ಸಾಲು. ಮೊದಲ ಚೌಕಕ್ಕೆ ಗುರುತು ಹಾಕಿದರೆ ಆ ಸದ್ದು ಲೈವಿಗೆ. ಎರಡನೆಯದಕ್ಕೆ ಹಾಕಿದರೆ ಕಂಪ್ಯೂಟರಿನಲ್ಲೇ ಉಳಿಯುವ ರೆಕಾರ್ಡಿಗೆ. ಬೇಕಾದರೆ ಎರಡಕ್ಕೂ.

"ನಾಲೆ ಒಂದೇ ಕಣೆ, ತೂಬು ಎರಡು," ಎಂದ. "ಈ ತೂಬು ಲೈವಿನ ಗದ್ದೆಗೆ, ಈ ತೂಬು ರೆಕಾರ್ಡಿನ ಗದ್ದೆಗೆ. ಯಾವ ನೀರು ಎಲ್ಲಿಗೆ ಓಗ್ಬೇಕು ಅಂತ ಯೋಳೋನು ನಾನು."

"ಸದ್ಯ, ಎಲ್ಲಾದ್ರೂ ಒಂದ್ಕಡೆ ನಿನ್ ಮಾತು ನಡೀತಲ್ಲ," ಎಂದೆ.

ಅಂದಿನಿಂದ ಪಾತ್ರಧಾರಿ ಪರದೆಯ ಹಿಂದೆ ಹೋದ ತಕ್ಷಣ ಅವನ ಮೈಕಿನ ಲೈವ್ ಗುರುತು ತೆಗೆಯುತ್ತಾನೆ. ರೆಕಾರ್ಡಿನ ಗುರುತನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಮತ್ತೆ ಹಾಕುವುದು ಮರೆತೀತು ಎಂಬ ಭಯ.

ಈ ವರ್ಷ ಅಪ್ಪನ ದನಿ ಒಡೆಯತೊಡಗಿತು. ಗಂಟಲಲ್ಲೊಂದು ಗಂಟು. ಕೆಟ್ಟದ್ದಲ್ಲ, ಆದರೆ ತೆಗೆಯಲೇಬೇಕು, ತೆಗೆದ ಮೇಲೆ ದನಿ ಹೇಗೆ ಬರುತ್ತದೋ, ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ಅಪ್ಪನದು ಒಂದೇ ಮಾತು: "ಒಂದ್ ನಾಟ್ಕ ಆಡ್ಬುಟ್ಟು ಬತ್ತೀನಿ ಕಣವ್ವ. ಆಮೇಲೆ ಏನಾರ ಕೊಯ್ಕೊಳ್ಳಿ." ಆಕೆ ಬೈದರು, ಕೊನೆಗೆ ಒಂದೇ ಒಂದು ಎಂದು ಒಪ್ಪಿದರು.

ನಾನು ಚಿಕ್ಕವಳಿದ್ದಾಗ ಅಪ್ಪ ಹೊಲದಿಂದ ಬರುತ್ತಾ ಪದ್ಯ ಹೇಳುತ್ತಿದ್ದ. ದನಿ ತಿರುವಿನಲ್ಲಿ ಕೇಳಿಸಿದರೆ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. ಆ ದನಿ ಎಲ್ಲೂ ಉಳಿದಿಲ್ಲ. ಹಳೆಯ ನಾಟಕಗಳ ರೆಕಾರ್ಡಿನಲ್ಲೆಲ್ಲ ಸೀಟಿ, ಗಲಾಟೆ. ಗಂಡನ ಮುಂದೆ ಅತ್ತುಬಿಟ್ಟೆ. "ನಂಗೆ ಬ್ಯಾರೇನೂ ಬ್ಯಾಡ. ನಮ್ಮಪ್ಪನ ದನಿ ಒಂದು ಇಡ್ಕೊಡು," ಎಂದೆ. ಅವನು "ಊಂ" ಎಂದ, ಅಷ್ಟೆ.

ನಾಟಕ ದೇವಲಾಪುರದಲ್ಲೇ, ಹಗಲು ಹೊತ್ತು, ಶಾಮಿಯಾನದ ಕೆಳಗೆ. ನನಗಿದ್ದ ದೊಡ್ಡ ಭಯ ಒಬ್ಬನದೇ, ಚಿಕ್ಕಸ್ವಾಮಿಯದು. ನಮ್ಮ ಕಡೆ ಪಾತ್ರಧಾರಿ ಪದ್ಯ ಹಾಡುತ್ತಿರುವಾಗಲೇ ಅಭಿಮಾನಿಗಳು ಸ್ಟೇಜಿಗೆ ಹತ್ತಿ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ. ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗಲೇಬೇಕು. ಲೈವಿನಲ್ಲಿ ಹೆಸರು ಕೇಳಿಸದಿದ್ದರೆ ನೆಂಟಸ್ತನವೇ ಮುರಿಯುತ್ತದೆ. ಆ ಕೂಗುವ ಕೆಲಸ ಚಿಕ್ಕಸ್ವಾಮಿಯದು. ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ. ಮೈಕು ಕೈಗೆ ಬಂದರೆ ಮಾತ್ರ ಅವನಿಗೆ ಮೈಮೇಲೆ ಅರಿವಿರುವುದಿಲ್ಲ.

ಅಪ್ಪ ಗದೆ ಹೊತ್ತು ಬಂದ. ಹಾರ್ಮೋನಿಯಂ ಎದ್ದಿತು. ನಾನು ಕಾಯುತ್ತಿದ್ದ ಪದ್ಯ ಶುರುವಾಗಿ, ಅಪ್ಪ ಉಸಿರು ಕಟ್ಟಿ ಮೇಲಕ್ಕೆ ಹತ್ತುತ್ತಿದ್ದಾನೆ, ಅಷ್ಟರಲ್ಲಿ ಬಂತು: "ಟ್ರಾಕ್ಟರ್ ಮಾಲೀಕರಾದ ಶಿವಶಂಕರ್ ಅವರಿಂದ ಕಲಾವಿದರಿಗೆ ಹಾರ ಮತ್ತು ಶಾಲು! ಬನ್ನಿ, ಬನ್ನಿ, ಮೆಟ್ಲು ನೋಡ್ಕೊಂಡು ಬನ್ನಿ!" ಶಿವಶಂಕರ್ ಆದ ಮೇಲೆ ಅವರ ಭಾವಮೈದ, ಭಾವಮೈದನ ಮೇಲೆ ಹಾಲಿನ ಸಂಘದವರು. ಪದ್ಯ ಪೂರ್ತಿ ಮುಳುಗಿಹೋಯಿತು. ಅಪ್ಪನ ಗದೆ ನನ್ನ ಕೈಗೆ ಸಿಕ್ಕಿದ್ದರೆ ಅವತ್ತು ಇನ್ನೊಬ್ಬ ಮೈಕ್‌ನವನು ಓಡಬೇಕಾಗುತ್ತಿತ್ತು.

ಸಾಲದ್ದಕ್ಕೆ, ದೃಶ್ಯ ಬದಲಾಗುವ ಸಂದಿನಲ್ಲಿ ಜನ ಎದ್ದುಹೋಗದಿರಲಿ ಎಂದು ಕಮಿಟಿಯವರು ಸಿನಿಮಾ ಹಾಡು ಕೇಳಿದರು. ಬೇಡ ಎಂದರೂ ಬಿಡದೆ ಲ್ಯಾಪ್‌ಟಾಪಿನಿಂದ ಹಾಕಿಸಿದರು. ಸ್ವಲ್ಪ ಹೊತ್ತಿಗೇ ನನ್ನ ತಮ್ಮ ರವೀಂದ್ರ ಫೋನು ಮಾಡಿದ. ಅವನು ಆದಿಚುಂಚನಗಿರಿಯ ಕಾಲೇಜೊಂದರಲ್ಲಿ ನೌಕರ, ರಜೆ ಸಿಗದೆ ಲೈವ್ ನೋಡುತ್ತಿದ್ದ. "ಅಕ್ಕಾ, ಲೈವ್ ನಿಂತೋಯ್ತು. ಸಿನಿಮಾ ಹಾಡಿನ ಅಕ್ಕು ಬ್ಯಾರೆಯವ್ರದು ಅಂತ ಬರ್ತೈತೆ. ಏನೂ ಕಾಣಾಕಿಲ್ಲ."

ಸ್ಟೇಜಿನಲ್ಲಿ ಅಪ್ಪ ಕೊನೆಯ ಪದ್ಯಕ್ಕೆ ನಿಂತಿದ್ದ. ನಾನು ಎದ್ದು, ಜನರ ಕಾಲು ತುಳಿದುಕೊಂಡು, ಗಂಡನ ಮೇಜಿನ ಹತ್ತಿರ ಓಡಿದೆ.

"ನಿಂತೋಯ್ತಂತಲ್ಲೋ ಮಾರಾಯ! ಎಲ್ಲಾ ಓಯ್ತಲ್ಲ!"

"ಲೈವು ಓಗೈತೆ. ರೆಕಾರ್ಡು ಓಡ್ತೈತೆ," ಎಂದ, ಪರದೆಯಿಂದ ಕಣ್ಣು ಕೀಳದೆ.

"ಅದ್ರಲ್ಲೂ ಆ ಚಿಕ್ಕಸ್ವಾಮಿನೇ ಬಡ್ಕೊಂಡಿರ್ತಾನೆ!"

"ಇರಾಕಿಲ್ಲ ಅನ್ಕೊಂಡಿವ್ನಿ."

"ಅನ್ಕೊಂಡಿವ್ನಿ ಅಂದ್ರೆ?"

"ಬೆಳಗ್ಗೆ ಕಮಿಟಿಯೋರು ಅವಸ್ರ ಮಾಡ್ಬುಟ್ರು. ಅವ್ನ ಮೈಕ್ಗೆ ಲೈವಿನ ಗುರುತು ಮಾತ್ರ ಆಕಿದ್ದು ನೆನಪೈತೆ, ಆದ್ರೂ... ಓಡೋವಾಗ ಏನೂ ಮುಟ್ಟಾಕಿಲ್ಲ ನಾನು. ಸುಮ್ಕೆ ಕೂತ್ಕೋ ಓಗು."

ಕೂರಲಿಲ್ಲ. ಅಲ್ಲೇ ಕಂಬ ಹಿಡಿದು ನಿಂತು ಅಪ್ಪನ ಕೊನೆಯ ಪದ್ಯ ಕೇಳಿದೆ. ಎತ್ತರದಲ್ಲಿ ದನಿ ಸೀಳಿತು. ಅಪ್ಪ ಬಿಡದೆ ಅದನ್ನು ಹಿಡಿದು ಕೆಳಗಿಳಿಸಿ ತಂದು ನಿಲ್ಲಿಸಿದ. ಜನ ಎದ್ದು ನಿಂತರು.

ನಾಟಕ ಮುಗಿದು, ಸಾಮಾನು ಕಟ್ಟಿ, ವ್ಯಾನಿನೊಳಗೆ ಕೂತೆವು. ನಾಗರಾಜು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಹೆಡ್‌ಫೋನು ಸಿಕ್ಕಿಸಿ ಒಂದು ಕಿವಿ ನನಗೆ, ಒಂದು ಕಿವಿ ತನಗೆ ಹಿಡಿದ. ಪರದೆಯಲ್ಲಿ ಅಪ್ಪ ಬಾಯಿ ತೆರೆದ. ಸದ್ದಿಲ್ಲ. ಗದೆ ಎತ್ತಿದ, ಸದ್ದಿಲ್ಲ. ಹಿಂದಕ್ಕೆ ಹೋದರೂ ಇಲ್ಲ, ಮುಂದಕ್ಕೆ ಹೋದರೂ ಇಲ್ಲ. ಗಂಡನ ಮುಖ ಬಿಳಿಚಿಕೊಂಡಿತು. ನನಗೆ ಬೈಯಲೂ ಬಾಯಿ ಬರಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡ. "ಥೂ ನನ್ ಬುದ್ಧಿಗೆ! ಕಂಪ್ಯೂಟರಿನ ಸದ್ದು ಇನ್ನೂ ಮಿಕ್ಸರಿಗೆ ಓಗ್ತೈತೆ ಕಣೆ!" ಮಿಕ್ಸರಿನ ವೈರು ಇನ್ನೂ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡೇ ಇತ್ತು. ನಾವು ಹೆಡ್‌ಫೋನು ಹಿಡಿದು ಕೂತಿದ್ದರೆ, ಅಪ್ಪ ಕಾಲಡಿಯ ಚೀಲದಲ್ಲಿದ್ದ ಮಿಕ್ಸರಿನೊಳಗೆ ಹಾಡುತ್ತಿದ್ದ. ಎಲ್ಲೋ ಒಂದು ಕಡೆ ಒತ್ತಿ, ಸದ್ದನ್ನು ಹೆಡ್‌ಫೋನಿಗೆ ತಿರುಗಿಸಿದ.

ಬಂತು. ಅಪ್ಪ ಬಂದ. ಹಾರ್ಮೋನಿಯಂ, ಅಪ್ಪ, ಇಬ್ಬರೇ. ಚಿಕ್ಕಸ್ವಾಮಿ ಎಲ್ಲೋ ಪಕ್ಕದ ಹೊಲದಲ್ಲಿ ಗೊಣಗಿದ ಹಾಗೆ ಒಂಚೂರು ಕೇಳಿಸಿದ, ಅಷ್ಟೆ. ಉಸಿರು ಎಳೆದದ್ದು, ಗೆಜ್ಜೆ ಅಲುಗಿದ್ದು, ಕೊನೆಯ ಪದ್ಯದ ಸೀಳು ಎಲ್ಲವೂ ಇತ್ತು. ಅಬ್ಬ! ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು. ಗೊಳೋ ಎಂದು ಅತ್ತೆ, ಗಂಡನ ಬೆನ್ನಿಗೆ ಗುದ್ದಿದೆ, ಮತ್ತೆ ಅತ್ತೆ.

ರೆಕಾರ್ಡು ನಿಲ್ಲಿಸುವಷ್ಟರಲ್ಲಿ ಇನ್ನೇನೋ ಕೇಳಿಸಿತು. ಅಪ್ಪ ಪರದೆಯ ಹಿಂದೆ ಹೋಗಿದ್ದಾನೆ, ಡ್ರೆಸ್ಸಿನವನು ಕವಚ ಬಿಚ್ಚುತ್ತಿದ್ದಾನೆ. ಲೈವಿಗೆ ಹೋಗದೆ ರೆಕಾರ್ಡಿಗೆ ಮಾತ್ರ ಬಂದ ಮಾತು.

"ಉಸಾರು ಕಣ್ಲಾ, ಆ ಮೈಕ್ನ ಕಿತ್ತುಗಿತ್ತೀಯ. ನಮ್ಮ ಅಳೀಮಯ್ಯ ಮಡಗವ್ನೆ. ನನ್ ಮಗ್ಳಿಗೆ ನನ್ ದನಿ ಬೇಕಂತೆ, ಅದ್ಕೆ ಬೆಳಗ್ಗಿಂದ ಒಂದ್ ತುತ್ತು ತಿಂದಿಲ್ಲ ಆ ಮುಂಡೇದು. ಬಂಗಾರದಂತ ಉಡ್ಗ ಕಣ್ಲಾ."

"ಎದ್ರುಗೆ ಯೋಳಿದ್ದೀಯಾ ಯಾವತ್ತಾರ?" ಡ್ರೆಸ್ಸಿನವನ ದನಿ.

"ಏ ಓಗ್ಲಾ. ಇದ್ನೆಲ್ಲ ಎದ್ರುಗೆ ಯೋಳ್ತಾರಾ?"

ನಾಗರಾಜು ತನ್ನ ಕಿವಿಯ ಹೆಡ್‌ಫೋನನ್ನು ನನ್ನ ಕೈಗಿಟ್ಟು ವ್ಯಾನಿನಿಂದ ಇಳಿದ. ಆಗಲೇ ಸುತ್ತಿಟ್ಟಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. ನಾನು ಆ ಕಡೆ ನೋಡಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಗಂಟು ಹೋಯಿತು. ಪಿಸುಮಾತೂ ಕೂಡದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದರು. ಗದ್ದಲವೇ ಬದುಕಾಗಿದ್ದ ಮನುಷ್ಯ ನಮ್ಮ ಪಾಂಡವಪುರದ ಮನೆಯ ಪಡಸಾಲೆಯಲ್ಲಿ ಮೂಕನಾಗಿ ಕೂತ. ಮಾತಾಡುವ ಅಪ್ಪಣೆ ಸಿಕ್ಕಿದ ಮೇಲೂ ಬಾಯಿ ತೆರೆಯಲಿಲ್ಲ. ನಾನು ಬೇಡಿದರೆ ತಲೆಯಾಡಿಸುತ್ತಿದ್ದ. ದನಿ ಇಲ್ಲ ಎಂದು ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ. ಅಷ್ಟು ದೊಡ್ಡ ಗದೆ ಹೊತ್ತವನು ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಕೊನೆಗೆ ನಾಗರಾಜುವೇ ಲ್ಯಾಪ್‌ಟಾಪು ತಂದು ಅವನ ಮುಂದಿಟ್ಟ. ಅಪ್ಪ ಕಣ್ಣು ಮುಚ್ಚಿ ತನ್ನ ಪದ್ಯಗಳನ್ನು ತಾನೇ ಕೇಳಿದ, ತೊಡೆಯ ಮೇಲೆ ತಾಳ ಹಾಕಿದ, ಶ್ರುತಿ ತಪ್ಪಿದ ಕಡೆ ಮುಖ ಹುಳ್ಳಗೆ ಮಾಡಿದ. ಆಮೇಲೆ ಡ್ರೆಸ್ಸಿನವನ ಭಾಗ ಬಂತು. 'ಬಂಗಾರದಂತ ಉಡ್ಗ' ಎಂದು ಪಡಸಾಲೆಯ ತುಂಬ ಕೇಳಿಸಿತು. ಅಪ್ಪ ಫಕ್ಕನೆ ಕಣ್ಣು ಬಿಟ್ಟ. ಕಿವಿವರೆಗೂ ಕೆಂಪಾಗಿ, ಅಳಿಸು, ಅಳಿಸಿಬಿಡು ಎಂದು ಎರಡೂ ಕೈ ಬೀಸಿದ.

"ಅಳ್ಸಾಕಿಲ್ಲ ಮಾವ," ಎಂದ ನನ್ನ ಗಂಡ, ಬಲು ಗಂಭೀರವಾಗಿ. "ಬೇಕಾದ್ರೆ ಲೈವಿಗೆ ಬುಡಾಕಿಲ್ಲ, ಅಷ್ಟೆ."

ಅಪ್ಪ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟ. ಆ ನಗುವಿಗೆ ಸದ್ದಿತ್ತು. ಒರಟಾಗಿತ್ತು, ಸೀಳಿತ್ತು, ಅಪ್ಪನದೇ ಆಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಪ್ಪ ಗಂಟಲು ಮುಟ್ಟಿ ನೋಡಿಕೊಂಡ, ಮೆಲ್ಲಗೆ ಒಮ್ಮೆ ಕೆಮ್ಮಿದ. ಆಮೇಲೆ ಬಾಯಿ ತೆರೆದು, "ಅಳೀಮಯ್ಯ," ಎಂದ, "ಒಂದ್ ಲೋಟ ನೀರು ಕೊಡಪ್ಪ."