ಮೇಡ್ಲೇರಿ ಟ್ಯಾಂಕಿನ ಕೊರಳಲ್ಲಿ ಪದಕ

ಮೇಡ್ಲೇರಿಯ ಶಮಶೇರಸಾಬರು ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುವಿನ ಟ್ಯಾಂಕಿನ ಎದುರಿನಿಂದಲೇ ಗಾಯಾಳು ಜೊತೆಗಾರನನ್ನು ಹೊತ್ತು ತಂದು ಪದಕ ಗಳಿಸಿದವರು. ಸೈನ್ಯ ಬಿಟ್ಟು ಪೊಲೀಸ್ ಕಾನ್‌ಸ್ಟೇಬಲ್ ಆದ ಮೇಲೂ ಅವರ ಶೌರ್ಯ ಸುಮ್ಮನೆ ಕೂರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಹಿಂದೆ ಮಚ್ಚು ಹಿಡಿದು ಅಡಗಿದ್ದ ದರೋಡೆಕೋರನನ್ನು ಅವನ ಸೀನಿನಿಂದಲೇ ಪತ್ತೆಹಚ್ಚಿ, ತಾವೂ ಸೀನುತ್ತಲೇ ಕೆಡವಿದರು. ಅದಕ್ಕೆ ಎರಡನೆಯ ಪದಕ ಮಂಜೂರಾಯಿತು. ೧೯೯೮ರ ರಾಜ್ಯೋತ್ಸವದಂದು ಹಾವೇರಿ ಮೈದಾನದಲ್ಲಿ ಪ್ರದಾನ. ಹಳೆಯ ಪದಕ ಧರಿಸಿಯೇ ಬರಬೇಕೆಂದು ಅಪ್ಪಣೆ.

ಅದರ ಹಿಂದಿನ ದಿನವೇ ಊರಲ್ಲಿ ಹೋರಿ ಬೆದರಿಸುವ ಹಬ್ಬ. ಸಾಬರ ಹೋರಿಯ ಹೆಸರು 'ಮೇಡ್ಲೇರಿ ಟ್ಯಾಂಕ್'. ಕೊಬ್ಬರಿ ಸರ ಕಟ್ಟಿ ಹೋರಿ ಬಿಟ್ಟರೆ, ಅದರ ಕೊರಳಿನಿಂದ ಯಾರು ಏನು ಕಿತ್ತುಕೊಂಡರೂ ಅದು ಅವರದೇ. ಮರಳಿ ಕೇಳುವುದು ಮರ್ಯಾದೆಗೇಡು, ಕೇಳುವವನು ಪೊಲೀಸನೇ ಆಗಿರಲಿ.

ಅಂಥ ಸರದ ನಡುವೆ ಸಾಬರು ತಮ್ಮ ಯುದ್ಧದ ಪದಕ ಕಟ್ಟಿದರು.

"ತಲಿ ನೆಟ್ಟಗೈತೇನ್ರಿ? ನಾಳೆ ಎದಿಗೆ ಏನ್ ಹಚ್ಚಿಕೊಂಡ್ ಹೊಕ್ಕೀರಿ, ಕೊಬ್ಬರಿ ಬಟ್ಟಲಾ?" ಎಂದರು ಹೆಂಡತಿ ಕುಲ್ಸುಮಬಿ.

"ನನ್ನ ಟ್ಯಾಂಕಿನ ಮೈ ಮುಟ್ಟೋ ಗಂಡಸು ಇನ್ನೂ ಹುಟ್ಟಿಲ್ಲ, ಸುಮ್ನಿರು."

ಹೋರಿ ಬಿಟ್ಟರು. ಗುತ್ತಲದ ಗಟ್ಟಿಗನೊಬ್ಬ ಪದಕದ ಪಟ್ಟಿಗೇ ಬೆರಳು ಹಾಕಿದ. ಟ್ಯಾಂಕ್ ಕೊರಳು ಕೊಡವಿತು. ಗಟ್ಟಿಗ ಬಣವೆಯಲ್ಲಿ ತಲೆಕೆಳಗಾದ. ಹೋರಿ ಯಾರ ಕೈಗೂ ಸಿಗದೆ ಗೆದ್ದಿತು. ಗೆದ್ದ ಮೇಲೂ ನಿಲ್ಲದೆ ಸೀದಾ ತುಂಗಭದ್ರೆಗಿಳಿದು ನಡುನೀರಿನಲ್ಲಿ ನಿಂತಿತು.

ಸಾಬರು ಪ್ಯಾಂಟು ಮಡಚಿ, ದಂಡನಾಯಕರ ಗತ್ತಿನಲ್ಲಿ ನೀರಿಗಿಳಿದರು. ಹೋರಿ ಬುಸ್ ಎಂದಿತು. ದಂಡು ಹಿಂದೆ ಸರಿಯಿತು. ಎರಡನೆಯ ದಾಳಿ, ಎರಡನೆಯ ಬುಸ್. ಈ ಸಲ ದಂಡನಾಯಕರು ದಂಡೆಯ ಜಾಲಿಮರದ ಮೇಲಿದ್ದರು.

"ಸಾಬ್ರ, ಯುದ್ಧದಾಗಿನ ಆ ಟ್ಯಾಂಕಿಗೆ ಕೋಡು ಇರಲಿಲ್ಲೇನ್ರಿ?" ಎಂದು ನೆರೆಮನೆಯ ಉಡಚಪ್ಪ ಕೂಗಿದ.

"ಇದ್ದಿದ್ರ ಯುದ್ಧಕ್ಕ ಯಾಂವ ಹೊಕ್ಕಿದ್ದಲೇ!"

ಹೊತ್ತು ಇಳಿಯುತ್ತಿತ್ತು. ಸರ ಸಡಿಲಾಗಿ ಪದಕ ನೀರಿನ ಮೇಲೆ ತೂಗಾಡುತ್ತಿತ್ತು. ಜಾರಿದರೆ ಹೊಳೆಯ ಪಾಲು. ಆಗ ಕುಲ್ಸುಮಬಿ ರೊಟ್ಟಿ ಹಿಡಿದು ಬಂದರು. ದಿನಾ ಹೋರಿಗೆ ಹಿಂಡಿ ಕಲಸುವ ಕೈ ಅವರದು. ಸೀರೆ ಎತ್ತಿಕಟ್ಟಿ ನೀರಿಗಿಳಿದರು.

"ಬಾರೋ ನನ್ ಮಗನ. ನಿಮ್ಮಪ್ಪಗಂತೂ ಬುದ್ಧಿಯಿಲ್ಲ, ನಿನಗರ ಐತಿ."

ಟ್ಯಾಂಕ್ ತಲೆ ಬಗ್ಗಿಸಿತು. ಕುಲ್ಸುಮಬಿ ಪದಕ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿದರು. ಸಾಬರು ಮರದಿಂದಿಳಿದು ಕೈ ಚಾಚಿದರು.

"ಹೋರಿ ಕೊರಳಿಂದ ಬಿಚ್ಚಿದಾಕಿ ನಾನು. ಇನ್ನ ಇದು ನಂದು. ಕೇಳಬಾರ್ದು."

ಊರೇ ಹೌದೆಂದಿತು. ಸಾಬರು ಚಾಚಿದ ಕೈ ಹಿಂದಕ್ಕೆಳೆದುಕೊಂಡರು.

"ನಾಳೆ ಒಂದಿನಾ ಎರವು ಕೊಡ್ತೇನಿ. ನನ್ನೂ ಹಾವೇರಿಗೆ ಕರ್ಕೊಂಡ್ ಹೋಗ್ರಿ, ಮುಂದಿನ ಸಾಲಿನಾಗ ಕುಂದ್ರಸ್ರಿ."

ಮರುದಿನ ಸಾಬರ ಎದೆಗೆ ಹೊಸ ಪದಕ ಚುಚ್ಚಿದ ಪೊಲೀಸ್ ಸಾಹೇಬರು ಪಕ್ಕದ ಹಳೆಯದನ್ನು ನೋಡಿ, "ಇದೂ ನಿಮ್ಮದೇನು?" ಎಂದರು.

ಶಮಶೇರಸಾಬರು ಬೂಟು ಅಪ್ಪಳಿಸಿ, ಮೈದಾನಕ್ಕೆಲ್ಲ ಕೇಳುವಂತೆ ಗರ್ಜಿಸಿದರು: "ನಿನ್ನಿತನಕ ನಂದ್ರಿ ಸರ್! ಈಗ ನನ್ನ ಹೆಂಡತೀದು. ಎರವು ತಂದೇನ್ರಿ!"

ಮುಂದಿನ ಸಾಲಿನಲ್ಲಿ ಕುಲ್ಸುಮಬಿ ಸೆರಗು ಸರಿಪಡಿಸಿಕೊಂಡು, ಇಡೀ ಪರೇಡಿನ ವಂದನೆ ತಮಗೇ ಎಂಬಂತೆ ನೆಟ್ಟಗೆ ಕುಳಿತರು.